ಜರ್ಮನಿಯ ತಂಗಿಗೆ ನಾಲ್ಕು ಸಾಲು

ಸಿಡ್ನಿಯಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ನಾಲಿಗೆಯ ದೆಸೆಯಿಂದ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ಕೊಂಕಣಿ. ಮಂಗಳೂರಿನಲ್ಲಿ ಬೆಳೆದವರಿಗೆ ಇದೊಂದು ವಿದ್ಯೆ ಅಂತಲೇ ಅನಿಸುವುದಿಲ್ಲ. ಗಂಡನ ಕೆಲಸದ ಹಿಂದೆ ಸಿಡ್ನಿಯ ಪ್ಯಾರಮಟ್ಟಾ ಬಡಾವಣೆಗೆ ಬಂದು, ಸ್ಟೇಷನ್ನಿನ ಹತ್ತಿರದ ಒಂದು ಫ್ಲ್ಯಾಟ್‌ನಲ್ಲಿ ರೆಂಟಿಗಿದ್ದೆವು. ನನ್ನ ಆಹಾರ ವಿಜ್ಞಾನದ ಡಿಗ್ರಿಯನ್ನು ಯಾರೂ ಮೂಸಿ ನೋಡಿರಲಿಲ್ಲ. ಆಗ ಮೆಲ್ಬರ್ನಿನ ಒಂದು ವಿಶ್ವವಿದ್ಯಾಲಯದವರು ದಕ್ಷಿಣ ಭಾರತದಿಂದ ವಲಸೆ ಬಂದವರ ಸಕ್ಕರೆ ಕಾಯಿಲೆಯ ಬಗ್ಗೆ ಸಂಶೋಧನೆ ಶುರುಮಾಡಿದ್ದರು. ಸಿಡ್ನಿಯಲ್ಲಿ ಮನೆಮನೆಗೆ ಹೋಗಿ ಮಾತಾಡಿಸಲು ಜನ ಬೇಕಿತ್ತು. ಇಂಟರ್‌ವ್ಯೂನಲ್ಲಿ ನಾನು ಭಾಷೆಗಳ ಹೆಸರು ಹೇಳುತ್ತಾ ಹೋದಂತೆ ಪ್ರೊಫೆಸರ್ ಪೆನ್ನು ಕೆಳಗಿಟ್ಟು, "ಸೋಮವಾರ ಬರಬಹುದಾ?" ಅಂದರು.

ಎರಡು ಸಾವಿರದ ದಶಕದ ನಡುವಿನ ಮಾತಿದು. ಇದರಲ್ಲಿ ಬರುವವರ ಹೆಸರುಗಳನ್ನು ನಾನು ಹೇಳುವುದಿಲ್ಲ. ಹೇಳಬಾರದು ಅಂತ ಕಲಿತದ್ದು ಆ ಕೆಲಸದಲ್ಲೇ.

ಕಲಿಸಿದವಳು ಮೆಲ್ಬರ್ನ್ ಆಫೀಸಿನ ಡೇಟಾ ಮ್ಯಾನೇಜರ್. ವಿಕ್ಟೋರಿಯಾದ ಒಳನಾಡಿನ ಗೋಧಿ ಬೆಳೆಯುವ ಊರಿನಿಂದ ಬಂದವಳು, ಐವತ್ತು ದಾಟಿದವಳು. ನಕ್ಕರೆ ಪಕ್ಕದ ರೂಮಿಗೆ ಕೇಳುವಷ್ಟು ಜೋರು. ನಮ್ಮನ್ನೆಲ್ಲ ತರಬೇತಿಗೆ ಅಲ್ಲಿಗೆ ಕರೆಸಿಕೊಂಡಿದ್ದರು. ಸಕ್ಕರೆ, ರಕ್ತದೊತ್ತಡ, ಊಟದ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಇವಳು ಎದ್ದು ನಿಂತು, ಜನರ ಖಾಸಗಿ ಮಾಹಿತಿಯನ್ನು ಕಾಯುವ ಯುರೋಪಿನ ಕಾನೂನಿನ ಬಗ್ಗೆ ಮಾತಾಡತೊಡಗಿದಳು. ನಮ್ಮ ಅಧ್ಯಯನಕ್ಕೆ ಜರ್ಮನಿಯಲ್ಲಿ ಒಂದು ಜೋಡಿ ಅಧ್ಯಯನ ಇತ್ತು. ಬಹಳ ಹಿಂದೆ ದಕ್ಷಿಣ ಭಾರತದಿಂದ ನರ್ಸ್ ಕೆಲಸಕ್ಕೆಂದು ಅಲ್ಲಿಗೆ ಹೋಗಿ ನೆಲೆಯಾದ ಹೆಂಗಸರ ಆರೋಗ್ಯವನ್ನು ಅಲ್ಲಿನ ವಿಶ್ವವಿದ್ಯಾಲಯವೊಂದು ವರ್ಷಗಟ್ಟಲೆ ನೋಡಿಕೊಂಡು ಬಂದಿತ್ತು. ಅವರ ಮಾಹಿತಿಯನ್ನೂ ನಮ್ಮದನ್ನೂ ಹೋಲಿಸಿ ನೋಡುವುದು ಯೋಜನೆ.

ನಮ್ಮಲ್ಲೊಬ್ಬ ಹುಡುಗ ಕೇಳಿದ, "ಯುರೋಪಿನ ಕಾನೂನು ಯುರೋಪಿನಲ್ಲಿ. ನಾವಿರುವುದು ಮೆಲ್ಬರ್ನಿನಲ್ಲಿ. ನಮಗೇನು?"

ಅವಳಿಗೆ ಸಿಟ್ಟು ಬರಲಿಲ್ಲ. "ನೀವು ಊರಿಂದ ಬರುವಾಗ ಏರ್‌ಪೋರ್ಟ್‌ನಲ್ಲಿ ನಿಮ್ಮ ಉಪ್ಪಿನಕಾಯಿ ಡಬ್ಬಿ ತೆಗೆಸಿ ನೋಡುತ್ತಾರಲ್ಲ? ನಾವು ಒಳಗೆ ಬರುವಾಗ ನೋಡುತ್ತೇವೆ. ಅವರು ಹೊರಗೆ ಹೋಗುವಾಗ ನೋಡುತ್ತಾರೆ, ಅಷ್ಟೇ. ತಮ್ಮ ಜನರ ಮಾಹಿತಿ ಹೋಗುವ ಕಡೆ ಅದನ್ನು ತಮ್ಮ ಹಾಗೇ ನೋಡಿಕೊಳ್ಳುತ್ತಾರಾ ಅಂತ ಕೇಳುತ್ತಾರೆ. ಆಸ್ಟ್ರೇಲಿಯಾದ ಕಾನೂನು ಅದಕ್ಕೆ ಸಾಲದು ಅಂತ ಅವರ ಅಭಿಪ್ರಾಯ. ಹಾಗಾಗಿ ನಾವು ಒಪ್ಪಂದಕ್ಕೆ ಸಹಿ ಹಾಕಿ ಮಾತು ಕೊಟ್ಟಿದ್ದೇವೆ."

ಆ ಒಪ್ಪಂದದ ಒಂದು ಅಂಶವನ್ನು ಓದುವಾಗ ಅವಳ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ನಾವು ಮಾತು ತಪ್ಪಿದರೆ ಜರ್ಮನಿಯ ವಿಶ್ವವಿದ್ಯಾಲಯ ಮಾತ್ರ ನಮ್ಮನ್ನು ಕೇಳುವುದಲ್ಲ. ಅಲ್ಲಿನ ಯಾವುದೋ ಮನೆಯಲ್ಲಿ ಕೂತ ಒಬ್ಬ ರಿಟೈರ್ಡ್ ನರ್ಸ್ ಕೂಡ, ಒಪ್ಪಂದಕ್ಕೆ ಸಹಿ ಹಾಕದಿದ್ದರೂ, ನೇರವಾಗಿ ನಮ್ಮನ್ನು ಪ್ರಶ್ನಿಸಬಹುದು. "ನೋಡಿ, ಎಂಥ ಚಂದ!" ಅಂದಳು. ಪ್ರೊಫೆಸರ್ ಹಿಂದಿನ ಸಾಲಿನಲ್ಲಿ ನಿಟ್ಟುಸಿರು ಬಿಟ್ಟರು. ಅಂಥ ಅಂಶಕ್ಕೆ ಸಂತೋಷಪಟ್ಟ ಮನುಷ್ಯರನ್ನು ನಾನು ಆವತ್ತಿನವರೆಗೆ ನೋಡಿರಲಿಲ್ಲ.

ಕಟ್ಟುನಿಟ್ಟೂ ಹಾಗೇ ಇತ್ತು. ಜರ್ಮನಿಯಿಂದ ಬಂದದ್ದರಲ್ಲಿ ಹೆಸರಿಲ್ಲ, ಬರೀ ಕೋಡ್ ನಂಬರ್. ಯಾವ ನಂಬರ್ ಯಾರದು ಅನ್ನುವ ಪಟ್ಟಿ ಜರ್ಮನಿ ಬಿಟ್ಟು ಕದಲುವಂತಿಲ್ಲ. ಹುಟ್ಟಿದ ದಿನದ ಬದಲು ವಯಸ್ಸಿನ ಅಂದಾಜು, ಹುಟ್ಟಿದ ಊರಿನ ಬದಲು ಬರೀ ರಾಜ್ಯ. ಅದನ್ನಿಟ್ಟ ಕಂಪ್ಯೂಟರ್‌ಗೆ ಇಂಟರ್‌ನೆಟ್ ಇಲ್ಲ, ಆ ಕೋಣೆಯ ಬೀಗದ ಕೈ ಅವಳ ಕೊರಳಲ್ಲಿ. ಮೆಲ್ಬರ್ನಿಗೆ ಹೋದಾಗ ಟೀ ರೂಮಿನಲ್ಲಿ "ಮೊನ್ನೆ ಒಬ್ಬರು ಹೀಗಂದರು" ಅಂತ ನಾನು ಶುರುಮಾಡಿದರೆ ಸಾಕು, ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳಿ, "ತಿನ್ನು, ಬಾಯಿ ಮುಚ್ಚಿರುತ್ತೆ" ಅನ್ನುತ್ತಿದ್ದಳು.

ಹೇಳುವುದು ಸುಲಭ. ಸಿಡ್ನಿಯ ನಮ್ಮ ಜನರ ನಡುವೆ ಬಾಯಿ ಮುಚ್ಚಿರುವುದು ಹೇಗೆ? ಭಾನುವಾರ ಯಾರದ್ದಾದರೂ ಮನೆಯಲ್ಲಿ ಊಟಕ್ಕೆ ಸೇರಿದರೆ ಆಂಟಿಯೊಬ್ಬರು ಪಕ್ಕಕ್ಕೆ ಕರೆದು, "ಅವರ ಮನೆಗೂ ಹೋಗಿದ್ಯಂತೆ? ಅವರಿಗೆ ಶುಗರ್ ಉಂಟಾ?" ಅಂತ ಕೇಳುವರು. "ಗೊತ್ತಿಲ್ಲ ಆಂಟಿ" ಅಂದರೆ, "ನಮ್ಮತ್ರ ಹೇಳ್ಲಿಕ್ಕೆ ಎಂತ?" ಒಮ್ಮೆ ಅಂಥದೇ ಊಟದಲ್ಲಿ ಪಾಯಸ ಬಡಿಸುವ ಕೆಲಸ ನನಗೆ ಬಂತು. ಹಿಂದಿನ ವಾರವಷ್ಟೇ ನಾನೇ ಬೆರಳು ಚುಚ್ಚಿ ರಕ್ತ ನೋಡಿದ್ದ ಅಂಕಲ್ ಒಬ್ಬರು ಲೋಟ ಮುಂದೆ ಚಾಚಿದರು. ಅವರ ಹೆಂಡತಿ ಪಕ್ಕದಲ್ಲೇ ಇದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ. ಅಂಕಲ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅರ್ಧ ಸೌಟು ಹಾಕಿ ಮುಂದೆ ಹೋದೆ. ಅವರೂ ಇನ್ನೊಂದು ಸಲ ಕೇಳಲಿಲ್ಲ.

ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲಿನ ಒಬ್ಬ ಮುದುಕರ ಮನೆಗೆ ಹೋದದ್ದು ಈ ಕೆಲಸದಲ್ಲಿ ನಾನು ಸ್ವಲ್ಪ ಪಳಗಿದ ಮೇಲೆ.

ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಕೆಂಪು ಇಟ್ಟಿಗೆಯ ಮನೆ. ಮಗ ಸರಕು ಸಾಗಿಸುವ ಕಂಪೆನಿಯಲ್ಲಿ, ಸೊಸೆ ಅದೇ ಆಸ್ಪತ್ರೆಯಲ್ಲಿ. ಕೊಂಕಣಿ ಮಾತಾಡುವ ಮಂಗಳೂರಿನ ಕ್ರೈಸ್ತರು. ಹೆಂಡತಿ ತೀರಿಕೊಂಡ ಮೇಲೆ ಮಗ ತಂದೆಯನ್ನು ಕರೆಸಿಕೊಂಡಿದ್ದ. ಮುದುಕರು ಎತ್ತರದ ಆಳು, ಇಸ್ತ್ರಿ ಮಾಡಿದ ಶರ್ಟು. ಬೆಳಿಗ್ಗೆ ಬಸ್ಸಿನಲ್ಲಿ ಚರ್ಚಿಗೆ ಹೋಗಿ ಬಂದು, ವಿಯೆಟ್ನಾಮಿನವರ ಅಂಗಡಿಯಲ್ಲಿ ಮೀನು ಚೌಕಾಸಿ ಮಾಡಿ ತರುವಷ್ಟು ಗಟ್ಟಿ. ನಾನು ಮಂಗಳೂರಿನವಳು ಅಂತ ಗೊತ್ತಾದ ಕೂಡಲೇ, "ಹಾಗಾದ್ರೆ ಇಂಗ್ಲಿಷ್ ಎಂತಕ್ಕೆ? ಕೂತ್ಕೊ ಮಾರಾಯ್ತಿ" ಅಂತ ಕನ್ನಡಕ್ಕೆ ಇಳಿದರು.

ಒಪ್ಪಿಗೆ ಪತ್ರ ಓದಿ ಹೇಳುವುದು ಮೊದಲ ಕೆಲಸ. "ಯಾವಾಗ ಬೇಕಾದರೂ ನಿಮ್ಮ ಒಪ್ಪಿಗೆ ಹಿಂದಕ್ಕೆ ತಗೊಳ್ಳಬಹುದು, ಕಾರಣ ಹೇಳಬೇಕಾಗಿಲ್ಲ" ಅಂದಾಗ ಅವರು ತಡೆದರು.

"ಕೊಟ್ಟ ಮಾತು ಹಿಂದೆ ತಗೊಳ್ಳುದಾ? ಅದೆಂಥ ಕ್ರಮ?"

"ಇದು ಮಾತಲ್ಲ ಅಂಕಲ್, ನಿಮ್ಮ ವಸ್ತು. ಬಾಡಿಗೆಗೆ ಕೊಟ್ಟ ಹಾಗೆ. ಬೇಡ ಅನಿಸಿದ್ರೆ ವಾಪಸ್ ಕೇಳಬಹುದು."

"ಹಾಂ, ಹಾಗೆ ಹೇಳು."

ಮುಂದಿನ ಸಾಲಿನಲ್ಲಿ ಜರ್ಮನಿಯ ವಿಷಯ ಬಂತು. ಅಲ್ಲಿ ನೆಲೆಸಿದ ನರ್ಸ್‌ಗಳ ಮಾಹಿತಿಯ ಜೊತೆ ಹೋಲಿಸುತ್ತೇವೆ ಅಂದೆ. ಮುದುಕರು ಕನ್ನಡಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಅಡುಗೆಮನೆಯಲ್ಲಿ ಸೊಸೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

"ಅಲ್ಲಿಗೆ ನಮ್ಮ ಮಂಗಳೂರಿನ ನರ್ಸುಗಳೂ ಹೋಗಿದ್ರು. ಗೊತ್ತುಂಟಾ ನಿಂಗೆ?" ಅಂದರು. "ನನ್ನ ತಂಗಿ ಹೋಗಿದ್ಲು."

ತಂಗಿ ಕಾನ್ವೆಂಟಿನ ಸಿಸ್ಟರ್‌ಗಳ ಮೂಲಕ ಹದಿಹರೆಯದಲ್ಲೇ ಜರ್ಮನಿಗೆ ನರ್ಸಿಂಗ್ ಕಲಿಯಲು ಹೋದವಳು. ಸ್ವಲ್ಪ ವರ್ಷ ಮನೆಗೆ ಕಾಗದ ಬಂತು, ಫೋಟೋ ಬಂತು. ಆಮೇಲೆ ಅವಳು ಅಲ್ಲಿಯವನೊಬ್ಬನನ್ನು ಮದುವೆಯಾದಳು. ಅವನು ಬೇರೆ ಪಂಗಡದವನು, ಮೊದಲ ಹೆಂಡತಿಯನ್ನು ಬಿಟ್ಟವನು. ತಂದೆ ಅವಳ ಹೆಸರನ್ನು ಮನೆಯಲ್ಲಿ ಎತ್ತಬಾರದು ಅಂದರು. ಯಾರೂ ಎತ್ತಲಿಲ್ಲ. ಈಗ ತಂದೆ ಇಲ್ಲ, ತಾಯಿ ಇಲ್ಲ, ಉಳಿದ ಒಡಹುಟ್ಟಿದವರೂ ಇಲ್ಲ.

"ನಿಮ್ಮ ಕಂಪ್ಯೂಟರ್‌ನಲ್ಲಿ ಅವಳು ಇದ್ದಾಳಾ ಅಂತ ಒಂದು ನೋಡು. ಅಷ್ಟೇ ಸಾಕು. ಅಡ್ರೆಸ್ ಸಹ ಬೇಡ. ಬದುಕಿದ್ದಾಳಾ ಇಲ್ವಾ, ಅಷ್ಟು."

ನೋಡಿ ಹೇಳಲು ನನಗೆ ಆಗುವುದಿಲ್ಲ, ಕೇಳಿ ಹೇಳುತ್ತೇನೆ ಅಂದೆ. ಮನೆಗೆ ಬರುವ ಟ್ರೇನ್‌ನಲ್ಲಿ ಕೂತಾಗ ನಾನು ಪೂರ್ತಿಯಾಗಿ ಅವರ ಪಕ್ಷಕ್ಕೆ ಸೇರಿಬಿಟ್ಟಿದ್ದೆ. ಇಷ್ಟು ಸಣ್ಣ ವಿಷಯ. ಒಬ್ಬ ಅಣ್ಣ, ಒಬ್ಬ ತಂಗಿ. ಯಾವ ಕಾನೂನು ಬೇಡ ಅನ್ನುತ್ತದೆ?

ಮರುದಿನ ಮೆಲ್ಬರ್ನಿಗೆ ಫೋನ್ ಮಾಡಿದೆ. ಡೇಟಾ ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡಳು.

"ಆಗಲ್ಲ. ಸಾರಿ," ಅಂದಳು.

"ಬರೀ ಇದ್ದಾರಾ ಇಲ್ಲವಾ ಅಂತ."

"ಅದೇ ಆಗದ್ದು. ಇದ್ದಾಳೆ ಅಂದರೂ ನಾವು ಅವಳ ವಿಷಯ ಹೇಳಿದ ಹಾಗೆ, ಇಲ್ಲ ಅಂದರೂ ಹೇಳಿದ ಹಾಗೆ. ಆ ಹೆಂಗಸರು ಮಾಹಿತಿ ಕೊಟ್ಟದ್ದು ಸಕ್ಕರೆ ಕಾಯಿಲೆಗೆ. ತಮ್ಮನ್ನು ಯಾರೋ ಹುಡುಕಲಿ ಅಂತ ಅಲ್ಲ. ನಮ್ಮಲ್ಲಿ ಹೆಸರಂತೂ ಇಲ್ಲ, ವಯಸ್ಸು, ರಾಜ್ಯ ಹೊಂದಿಸಿ ಹುಡುಕುವುದಕ್ಕೆ ಆ ಫೈಲ್ ತೆರೆದರೇ ತಪ್ಪು."

"ಅವರಿಗೆ ವಯಸ್ಸಾಗಿದೆ. ನಾಳೆ ಏನಾದರೂ ಆದರೆ?"

ಆ ಕಡೆ ಡೈರಿಯ ಹಾಳೆ ತಿರುಗಿಸುವ ಸದ್ದು. ಆಮೇಲೆ, "ಮುಂದಿನ ವಾರ ಹೇಗೂ ನಾನು ಸಿಡ್ನಿಗೆ ಬರಬೇಕು. ಅವರಿಗೆ ಅಭ್ಯಂತರ ಇಲ್ಲದಿದ್ದರೆ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋಗು. ಇಲ್ಲ ಅನ್ನುವುದನ್ನು ಫೋನಿನಲ್ಲಿ ಹೇಳಿ ಕಳಿಸಬಾರದು" ಅಂದಳು.

ಅವಳು ಬಂದಳು. ಮುದುಕರು ಕೋಟು ಹಾಕಿಕೊಂಡು ಕಾದಿದ್ದರು. ಸೊಸೆ ನೀರುದೋಸೆ, ಕೋಳಿ ಸಾರು ಮಾಡಿದ್ದಳು. ಡೇಟಾ ಮ್ಯಾನೇಜರ್ ಮೊದಲು ಊಟ ಮಾಡಿದಳು. ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಾ ಇನ್ನೆರಡು ದೋಸೆ ಹಾಕಿಸಿಕೊಂಡಳು. ಆಮೇಲೆ ಕೈ ತೊಳೆದು ಬಂದು, ಮುದುಕರ ಎದುರು ಕೂತು, ನೋಡಲು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅಂತ ನಿಧಾನವಾಗಿ ಹೇಳಿದಳು. ನಾನು ನಡುವೆ ಕನ್ನಡದಲ್ಲಿ ಹೇಳುತ್ತಾ ಹೋದೆ, ಅವರಿಗೆ ಇಂಗ್ಲಿಷ್ ಅರ್ಥವಾಗುತ್ತಿದ್ದರೂ.

ಮುದುಕರ ಮುಖ ಕೆಂಪಾಯಿತು. "ಅವಳಿಗೆ ಕೇಳು," ನನಗೆ ಹೇಳಿದರು. "ರಕ್ತ ಹಂಚಿಕೊಂಡ ನನಗಿಂತ ಆ ಕಾನೂನು ನನ್ನ ತಂಗಿಗೆ ಹತ್ತಿರವಾ?"

ನಾನು ಕೇಳಿದೆ. ನನ್ನ ದನಿಯಲ್ಲೂ ಅದೇ ಸಿಟ್ಟಿತ್ತು ಅಂತ ಕಾಣುತ್ತದೆ. ಯಾಕೆಂದರೆ ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು.

"ನಾನೊಂದು ಕೇಳಬಹುದಾ?" ಅಂದಳು ಮುದುಕರಿಗೆ. "ನೀವು ಹುಡುಕುತ್ತಿದ್ದೀರಿ ಅಂತ ಗೊತ್ತಾದರೆ ಅವರಿಗೆ ಸಂತೋಷ ಆಗುತ್ತದಾ?"

ಮುದುಕರು ಕಿಟಕಿಯ ಕಡೆ ನೋಡಿದರು. ಆಮೇಲೆ ಕೊಂಕಣಿಯಲ್ಲಿ, ಸೊಸೆಗೂ ಗೊತ್ತಿರದ ಸಂಗತಿ ಹೇಳಿದರು. ಮದುವೆಯ ನಂತರವೂ ತಂಗಿ ಅವರ ಕೆಲಸದ ವಿಳಾಸಕ್ಕೆ ಕಾಗದ ಬರೆದಿದ್ದಳು. ಒಂದಲ್ಲ, ಹಲವು. ಮಗು ಹುಟ್ಟಿದ್ದು ಬರೆದಿದ್ದಳು. ಇವರು ತಂದೆಗೆ ಹೆದರಿ ಉತ್ತರ ಕೊಡಲಿಲ್ಲ. ತಂದೆ ತೀರಿಕೊಂಡ ಮೇಲಾದರೂ ಬರೆಯಬಹುದಿತ್ತು. ಅಷ್ಟರಲ್ಲಿ ಅವಳು ಬರೆಯುವುದನ್ನು ನಿಲ್ಲಿಸಿದ್ದಳು.

"ಸಂತೋಷ ಆಗ್ತದಾ ಇಲ್ವಾ, ನಂಗೆ ಗೊತ್ತಿಲ್ಲ," ಅಂದರು.

ನಾನು ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಡೇಟಾ ಮ್ಯಾನೇಜರ್ ತಲೆಯಾಡಿಸಿದಳು. ಗೆದ್ದವಳ ಹಾಗೆ ಅಲ್ಲ. "ನನಗೂ ಗೊತ್ತಿಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ನಾವೆಲ್ಲ ಇಲ್ಲಿ ಕೂತು ಅವರ ಬಗ್ಗೆ ಮಾತಾಡುತ್ತಿದ್ದೇವೆ, ಅವರು ಮಾತ್ರ ಇಲ್ಲಿಲ್ಲ. ಅವರ ಪರವಾಗಿ ಯಾರಾದರೂ ಒಬ್ಬರು ಮಾತಾಡಬೇಕಲ್ಲ? ಈ ಕಾನೂನು ಮಾಡುವುದು ಅಷ್ಟೇ."

ನನ್ನ ಸಿಟ್ಟು ಇಳಿದದ್ದು ಆಗ. ಅಲ್ಲಿಯವರೆಗೆ ನಾನು ಅಣ್ಣನನ್ನು ಮಾತ್ರ ನೋಡಿದ್ದೆ. ಉತ್ತರವಿಲ್ಲದ ಕಾಗದಗಳನ್ನು ಬರೆದು ಬರೆದು, ಒಂದು ದಿನ ಇನ್ನು ಸಾಕು ಅಂತ ಪೆನ್ನು ಮುಚ್ಚಿಟ್ಟ ಹೆಂಗಸನ್ನು ಯೋಚಿಸಿಯೇ ಇರಲಿಲ್ಲ. ಅವಳಿಗೂ ಒಂದು ಮನಸ್ಸು ಉಂಟು. ಆ ಮನಸ್ಸು ಏನೆಂದು ಅವಳೇ ಹೇಳಬೇಕು.

ಹೊರಡುವಾಗ ಡೇಟಾ ಮ್ಯಾನೇಜರ್ ಮುದುಕರ ಕೈ ಹಿಡಿದು, "ಆಗಲ್ಲ ಅಂದದ್ದು ಹುಡುಕುವುದಕ್ಕೆ. ಬೇರೆ ದಾರಿ ಇದೆಯಾ ಅಂತ ಜರ್ಮನಿಯವರನ್ನು ಕೇಳುತ್ತೇನೆ. ಆಸೆ ಇಟ್ಟುಕೊಳ್ಳಬೇಡಿ. ಆದರೆ ಕೇಳುತ್ತೇನೆ" ಅಂದಳು.

ಕೇಳಿದಳು ಕೂಡ. ಜರ್ಮನಿಯ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಒಬ್ಬ ಅಧಿಕಾರಿ ಇದ್ದ. ಜನರ ಮಾಹಿತಿಯನ್ನು ತನ್ನದೇ ಸಂಸ್ಥೆಯಿಂದ ಕಾಯುವುದು ಅವನ ಕೆಲಸ. ನಾನು ಅವನನ್ನು ನೋಡಿದವಳಲ್ಲ, ಮೆಲ್ಬರ್ನ್ ಆಫೀಸಿಗೆ ಹೋಗಿದ್ದಾಗ ಸ್ಪೀಕರ್ ಫೋನಿನಲ್ಲಿ ದನಿ ಕೇಳಿದ್ದೆ, ಅಷ್ಟೇ. ಒಣಗಿದ ದನಿ. ಪ್ರತಿ ವಾಕ್ಯಕ್ಕೂ ಮೊದಲು ಒಂದು ಸಣ್ಣ ಕೆಮ್ಮು. ನಮ್ಮವಳು ಮೊದಲು ಕೇಳಿದ್ದು, ನೀವೇ ಪಟ್ಟಿಯಲ್ಲಿ ನೋಡಿ, ಆಕೆ ಇದ್ದರೆ ಆಕೆಯನ್ನೇ ಕೇಳಬಹುದಾ ಅಂತ. ಅವನು ಕೆಮ್ಮಿ, ಬೇಡ ಅಂದ. ತಾನು ನೋಡಿದರೂ ಅದು ಬೇರೆ ಉದ್ದೇಶಕ್ಕೆ ನೋಡಿದ ಹಾಗೇ. ಅಧಿಕಾರಿಗೂ ವಿನಾಯಿತಿ ಇಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಅವನು ಫೋನ್ ಇಡಲಿಲ್ಲ. ಮತ್ತೆ ಕೆಮ್ಮಿ ಹೇಳಿದ: ಅಧ್ಯಯನದಲ್ಲಿರುವ ಎಲ್ಲ ಹೆಂಗಸರಿಗೂ ವರ್ಷಕ್ಕೊಮ್ಮೆ ಒಂದು ವಾರ್ತಾಪತ್ರ ಹೋಗುತ್ತದೆ. ಅದನ್ನು ಕಳಿಸಬಹುದು ಅಂತ ಅವರೆಲ್ಲ ಮೊದಲೇ ಒಪ್ಪಿದ್ದಾರೆ. ಆಸ್ಟ್ರೇಲಿಯಾದ ಒಬ್ಬ ವ್ಯಕ್ತಿ ತನ್ನ ಬಗ್ಗೆ ತಾನೇ ಒಪ್ಪಿಗೆ ಕೊಟ್ಟು ನಾಲ್ಕು ಸಾಲು ಬರೆದರೆ, ಅದನ್ನು ಎಲ್ಲರ ಪ್ರತಿಯಲ್ಲೂ ಒಂದೇ ಸಮನಾಗಿ ಹಾಕಬಹುದು. ಆಗ ಯಾರೂ ಯಾರನ್ನೂ ಹುಡುಕಿದ ಹಾಗಾಗುವುದಿಲ್ಲ. ಓದಿದವರಿಗೆ ಬೇಕೆನಿಸಿದರೆ ಅವರೇ ಕೇಳುತ್ತಾರೆ. ಆದರೆ ತಂಗಿಯ ಹೆಸರು ಇರಬಾರದು, ಅವಳನ್ನು ಬೇರೆಯವರು ಗುರುತಿಸುವಂಥದ್ದು ಏನೂ ಇರಬಾರದು.

ನಮ್ಮವಳು ಫೋನಿಟ್ಟು, "ಇಷ್ಟು ಹೊತ್ತು ಆ ಮನುಷ್ಯ ಬೇಡ ಅನ್ನುತ್ತಿದ್ದಾನೆ ಅಂದುಕೊಂಡೆ. ಯೋಚಿಸುತ್ತಿದ್ದ!" ಅಂತ ಆ ಜೋರು ನಗು ನಕ್ಕಳು.

ಸಂಶೋಧನೆಯಲ್ಲಿ ಯಾರಿಗೂ ಅನ್ಯಾಯವಾಗದಂತೆ ನೋಡುವ ಎರಡೂ ಕಡೆಯ ನೀತಿ ಸಮಿತಿಗಳು ಒಪ್ಪಬೇಕಾಯಿತು. ನಾಲ್ಕು ಸಾಲಿಗೆ ಇಷ್ಟೆಲ್ಲವಾ ಅಂತ ಪ್ರೊಫೆಸರ್ ತಲೆ ಕೆರೆದುಕೊಂಡರು, ಆದರೂ ಸಹಿ ಹಾಕಿದರು. ಅಷ್ಟರಲ್ಲಿ ಚಳಿಗಾಲ ಹೋಗಿ ಬೀದಿಯ ಜಕರಂಡ ಮರಗಳು ನೇರಳೆ ಹೂಬಿಟ್ಟಿದ್ದವು.

ಸಾಲು ಬರೆಯುವುದೇ ಕಷ್ಟವಾಯಿತು. ಮುದುಕರು ಮೊದಲು ಬರೆದದ್ದರಲ್ಲಿ ತಂದೆಯ ಹೆಸರು, ಚರ್ಚಿನ ಹೆಸರು, ಮನೆತನ, ಬೀದಿ ಎಲ್ಲ ಇತ್ತು. ನಾನು ಒಂದೊಂದನ್ನೇ ಹೊಡೆದುಹಾಕುತ್ತಾ ಬಂದೆ. "ಇದನ್ನು ಓದಿದರೆ ಬೇರೆಯವರಿಗೂ ಗೊತ್ತಾಗ್ತದೆ ಅಂಕಲ್."

"ಎಲ್ಲ ತೆಗೆದ್ರೆ ಅವಳಿಗೆ ಗೊತ್ತಾಗುದು ಹೇಗೆ?"

"ನಿಮ್ಮಿಬ್ಬರಿಗೇ ಗೊತ್ತಿರುವಂಥದ್ದು ಏನಾದರೂ ಉಂಟಾ?"

ಅವರು ಯೋಚಿಸಿದರು. ಆಮೇಲೆ ಇದ್ದಕ್ಕಿದ್ದಂತೆ ನಗಲು ಶುರುಮಾಡಿದರು. ಅವರ ಮನೆಯ ಹತ್ತಿರ ಹಂಚಿನ ಕಾರ್ಖಾನೆ ಇತ್ತು. ಮಧ್ಯಾಹ್ನ ಊಟದ ಬಿಡುವಿಗೆ ಅದರ ಕೂಗು ಊರಿಗೆಲ್ಲ ಗಡಿಯಾರ. ಪುಟ್ಟ ತಂಗಿ ಆ ಕೂಗನ್ನು ಥೇಟ್ ಹಾಗೇ ಕೂಗುತ್ತಿದ್ದಳು. ಒಂದು ದಿನ ಬೆಳಿಗ್ಗೆ ಗೋಡೆಯ ಹಿಂದೆ ನಿಂತು ಕೂಗಿದಾಗ, ಪಕ್ಕದ ಮನೆಯ ಅಜ್ಜಿ ಗಾಬರಿಯಿಂದ ಗಂಜಿ ಬಸಿದು, ಮೀನು ಹುರಿದು, ಗಂಡನಿಗೆ ಬಡಿಸಲು ಕಾದು ಕೂತಿದ್ದರಂತೆ. ಕೂಗಿದ್ದು ಯಾರು ಅಂತ ಗೊತ್ತಿದ್ದದ್ದು ಅಣ್ಣನಿಗೆ ಮಾತ್ರ. ಅವರು ಯಾರಿಗೂ ಹೇಳಿರಲಿಲ್ಲ.

ಕೊನೆಗೆ ಉಳಿದದ್ದು ಕೊಂಕಣಿಯಲ್ಲಿ, ಕನ್ನಡ ಅಕ್ಷರದಲ್ಲಿ, ಇಷ್ಟು: "ಕಾರ್ಖಾನೆಯ ಕೂಗು ಕೂಗಿ ಅಜ್ಜಿಗೆ ಬೆಳಿಗ್ಗೆಯೇ ಮೀನು ಹುರಿಸಿದವಳೇ, ನಿನ್ನ ಅಣ್ಣ ನಾನು, ಈಗ ಸಿಡ್ನಿಯಲ್ಲಿದ್ದೇನೆ. ನಿನ್ನ ಕಾಗದಗಳೆಲ್ಲ ನನಗೆ ತಲುಪಿದ್ದವು. ಉತ್ತರ ಬರೆಯದ ತಪ್ಪು ನನ್ನದು. ಮಾತಾಡಬೇಕು ಅನಿಸಿದರೆ ಈ ಆಫೀಸಿನವರು ನನ್ನ ನಂಬರ್ ಕೊಡುತ್ತಾರೆ, ಬೇಡ ಅನಿಸಿದರೆ ಅದೂ ಸರಿ."

ಬೇಡ ಅನ್ನುವ ಸ್ವಾತಂತ್ರ್ಯ ಅವಳಿಗಿದೆ ಅಂತ ಬರೆಯಲೇಬೇಕು ಅಂದದ್ದು ಜರ್ಮನಿಯ ಅಧಿಕಾರಿ. "ಅದೂ ಸರಿ" ಅಂದದ್ದು ಮುದುಕರು. ಅಲ್ಲಿನ ಆಫೀಸಿನಲ್ಲಿ ಕನ್ನಡ ಫಾಂಟ್ ಇರಲಿಲ್ಲ. ಹಾಗಾಗಿ ಮುದುಕರ ಕೈಬರಹವನ್ನೇ ಸ್ಕ್ಯಾನ್ ಮಾಡಿ ಕಳಿಸಿದೆವು. ಸಕ್ಕರೆ ಕಾಯಿಲೆ, ನಡಿಗೆ, ತರಕಾರಿಯ ಬಗ್ಗೆ ಜರ್ಮನ್ ಭಾಷೆಯಲ್ಲಿದ್ದ ಆ ವಾರ್ತಾಪತ್ರದ ಮೂಲೆಯಲ್ಲಿ ನಮ್ಮ ದುಂಡು ದುಂಡು ಅಕ್ಷರಗಳನ್ನು ನೋಡಿದಾಗ ನನಗೆ ಹೆಮ್ಮೆಯೋ ಸಂಕಟವೋ ತಿಳಿಯಲಿಲ್ಲ.

ಬಹಳ ದಿನ ಏನೂ ಆಗಲಿಲ್ಲ. ಲಿವರ್‌ಪೂಲಿಗೆ ಹೋದಾಗಲೆಲ್ಲ ಮುದುಕರು ಕೇಳುತ್ತಿರಲಿಲ್ಲ, ನಾನು ಹೇಳುತ್ತಿರಲಿಲ್ಲ. ಒಂದು ದಿನ ಜರ್ಮನಿಯಿಂದ ಒಂದೇ ಸಾಲು ಬಂತು: ಒಬ್ಬರು ನಂಬರ್ ಕೇಳಿದ್ದಾರೆ, ಒಪ್ಪಿಗೆಯಂತೆ ಕೊಟ್ಟಿದ್ದೇವೆ. ಯಾರು, ಏನು, ಒಂದೂ ಇಲ್ಲ. ನಾನು ಡೇಟಾ ಮ್ಯಾನೇಜರ್‌ಗೆ, "ಅವರೇನಾ ಅಂತ ಕೇಳಿ ನೋಡೋಣವಾ?" ಅಂದೆ. ಅವಳು ನಕ್ಕುಬಿಟ್ಟಳು. ನನಗೂ ನಗು ಬಂತು.

ಫೋನ್ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ. ನಾನಿರಲಿಲ್ಲ. ಸೊಸೆ ಆಮೇಲೆ ಹೇಳಿದಳು. ಅವಳು ಎತ್ತಿದಳಂತೆ. ಆ ಕಡೆಯಿಂದ ಹಳೇ ಕಾಲದ ಕೊಂಕಣಿ, ಈಗ ಯಾರೂ ಆಡದ ಮಾತುಗಳು. ಮಾವನಿಗೆ ಕೊಟ್ಟಳು. ಮಾವ "ಹಲೋ" ಅಂದವರು ಮತ್ತೆ ತುಂಬಾ ಹೊತ್ತು ಕೇಳಿಸಿಕೊಳ್ಳುತ್ತಾ ನಿಂತೇ ಇದ್ದರಂತೆ. "ಅವರು ಬೈಸ್ಕೊಳ್ತಿದ್ರು ಅನಿಸುತ್ತೆ. ಪೂರ್ತಿ ಬೈಸ್ಕೊಂಡ್ರು. ಆಮೇಲೆ ಚೇರ್ ಎಳ್ಕೊಂಡು ಕೂತ್ರು," ಅಂದಳು.

ಮುಂದಿನ ಸಲ ನಾನು ಹೋದಾಗ ಮುದುಕರು ಬಾಗಿಲಲ್ಲೇ ಹೇಳಿದರು, "ನಿನ್ನ ಆ ಮೆಲ್ಬರ್ನಿನ ಹೆಂಗಸಿಗೆ ಹೇಳು, ನಾನೇ ಹೇಳ್ಲಿಕ್ಕೆ ಹೇಳಿದ್ದು ಅಂತ ಹೇಳು. ನನ್ನ ತಂಗಿ ನಿಮ್ಮ ಸ್ಟಡಿಯಲ್ಲಿ ಇರ್ಲೇ ಇಲ್ಲಂತೆ!"

"ಮತ್ತೆ?"

"ಅವಳ ಒಬ್ಬಳು ಫ್ರೆಂಡ್ ಇದ್ದಾಳೆ, ನಿಮ್ಮ ಸ್ಟಡಿಯಲ್ಲಿ. ಕೇರಳದವಳು. ಈ ಅಕ್ಷರ ಅವಳಿಗೆ ಓದ್ಲಿಕ್ಕೆ ಬರುದಿಲ್ಲ. ಇದು ನಿಮ್ಮ ಕಡೆಯ ಲಿಪಿ ಅಲ್ವಾ, ಎಂತ ಬರೆದಿದೆ ನೋಡು ಅಂತ ಇವಳಿಗೆ ತೋರಿಸಿದ್ದಂತೆ."

ನಾವು ಫೈಲ್ ತೆರೆದು ಹುಡುಕಿದ್ದರೆ ಆಕೆ ಸಿಗುತ್ತಿರಲಿಲ್ಲ. "ಇಲ್ಲ" ಅಂತ ಹೇಳಿ ಮುಗಿಸಿಬಿಡುತ್ತಿದ್ದೆವು. ಮೆಲ್ಬರ್ನಿಗೆ ಫೋನ್ ಮಾಡಿ ಹೇಳಿದಾಗ ಆ ಜೋರು ನಗುವಿಗೆ ಕಾದೆ. ನಗು ಬರಲಿಲ್ಲ. "ಅಯ್ಯೋ ದೇವರೇ," ಅಂದಳು ಮೆತ್ತಗೆ. ಆಮೇಲೆ, "ಇದರಿಂದ ನಾವು ಮಾಡಿದ್ದು ಸರಿ ಅಂತ ಅಂದುಕೊಳ್ಳಬೇಡ. ಅವರು ಸಿಗದೇ ಹೋಗಿದ್ದರೂ ಸರಿಯೇ ಇರುತ್ತಿತ್ತು" ಅಂದಳು. ಸಂತೋಷದ ಸುದ್ದಿಯಲ್ಲೂ ಲೆಕ್ಕ ತಪ್ಪಲು ಬಿಡದ ಹೆಂಗಸು.

ತಂಗಿ ತನ್ನ ನಂಬರ್ ಕೊಡಲಿಲ್ಲ. ಅವಳಿಗೆ ಮನಸ್ಸಾದಾಗ ಅವಳೇ ಮಾಡುವುದು. ಮುದುಕರ ಫೋನಿನಲ್ಲಿ ನಂಬರ್ ಬರುತ್ತಲೂ ಇರಲಿಲ್ಲ, ಬರೀ ಪ್ರೈವೇಟ್ ಅಂತ ಬರುತ್ತಿತ್ತು. ಮೊದಮೊದಲು ಅವರು ಗೊಣಗುತ್ತಿದ್ದರು. "ಹುಟ್ಟುಹಬ್ಬಕ್ಕೆ ಸಹ ನಾನು ಮಾಡುವ ಹಾಗಿಲ್ಲ." ಒಂದು ದಿನ ಅವರೇ, "ಆಗಲಿ. ನಾನು ಅಷ್ಟು ವರ್ಷ ಅವಳನ್ನು ಕಾಯಿಸಲಿಲ್ವಾ? ಕಾಯುದು ಹೇಗೆ ಅಂತ ನಂಗೂ ಗೊತ್ತಾಗಲಿ" ಅಂದರು.

ಪ್ರಾಜೆಕ್ಟ್ ಮುಗಿದಾಗ ಜರ್ಮನಿಯಿಂದ ಬಂದದ್ದನ್ನೆಲ್ಲ ಅಳಿಸಬೇಕಿತ್ತು. ಒಪ್ಪಂದದಲ್ಲಿ ಹಾಗಿತ್ತು. ಇನ್ನೊಂದು ಸಂಶೋಧನೆಗೆ ಉಪಯೋಗಕ್ಕೆ ಬರುತ್ತದೆ, ಇಟ್ಟುಕೊಳ್ಳೋಣ ಅಂತ ಪ್ರೊಫೆಸರ್‌ಗೆ ಆಸೆ ಇತ್ತು. ಅದಕ್ಕೆ ಆ ಹೆಂಗಸರ ಹತ್ತಿರ ಹೊಸದಾಗಿ ಕೇಳಬೇಕು ಅಂದಳು ಡೇಟಾ ಮ್ಯಾನೇಜರ್. ವಾದ ಆಯಿತು, ದನಿ ಏರಿತು, ಕೊನೆಗೆ ಪ್ರೊಫೆಸರೇ ಸೋತು ಕಾಫಿ ತಂದುಕೊಟ್ಟರು. ಅಷ್ಟರಲ್ಲಿ ನಾವು ಮನೆ ಕೊಂಡು ಮೆಲ್ಬರ್ನಿನ ಕ್ರೇಗಿಬರ್ನ್‌ಗೆ ಬಂದಿದ್ದೆವು. ಅಳಿಸುವ ದಿನ ಸಾಕ್ಷಿಯಾಗಿ ನನ್ನನ್ನು ಕರೆದಳು. ಅವಳು ವರ್ಷಗಟ್ಟಲೆ ಕಾದಿಟ್ಟದ್ದು ಪರದೆಯ ಮೇಲೆ ಸದ್ದಿಲ್ಲದೆ ಹೋಯಿತು. ಅವಳಿಗೆ ಬೇಸರವಾಗುತ್ತದೆ ಅಂದುಕೊಂಡಿದ್ದೆ. ಅವಳು ಕೊರಳಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು, ಕುತ್ತಿಗೆ ತಿಕ್ಕಿಕೊಳ್ಳುತ್ತಾ, "ನೆಂಟರ ಮಕ್ಕಳನ್ನು ಜೋಪಾನವಾಗಿ ಮನೆ ತಲುಪಿಸಿದ ಹಾಗಾಯಿತು" ಅಂದಳು.

ಇಂಥವರ ಬಗ್ಗೆ ಯಾರೂ ಬರೆಯುವುದಿಲ್ಲ. ಔಷಧಿ ಕಂಡುಹಿಡಿದವರ ಬಗ್ಗೆ ಬರೆಯುತ್ತಾರೆ. ತನಗೆ ಪರಿಚಯವೇ ಇಲ್ಲದ, ಭೂಮಿಯ ಆ ಕಡೆ ಇರುವ ಹೆಂಗಸರ ಗುಟ್ಟನ್ನು ತನ್ನದೇ ಮರ್ಯಾದೆಯ ಹಾಗೆ ಕಾದ ಒಬ್ಬಳನ್ನು ನಾನು ಹತ್ತಿರದಿಂದ ನೋಡಿದೆ. ಅವಳ ಜೊತೆ ಕೆಲಸ ಮಾಡಿದ್ದು ನನ್ನ ಪುಣ್ಯ.

ಆಮೇಲೊಮ್ಮೆ ಸಿಡ್ನಿಗೆ ಹೋದಾಗ ಲಿವರ್‌ಪೂಲಿಗೂ ಹೋಗಿದ್ದೆ. ಮುದುಕರು ಸ್ವಲ್ಪ ಇಳಿದಿದ್ದರು, ಶರ್ಟಿನ ಇಸ್ತ್ರಿ ಮಾತ್ರ ಹಾಗೇ ಇತ್ತು. ಚಹಾ ಕುಡಿಯುತ್ತಿರುವಾಗ ಫೋನ್ ಬಂತು. ಪರದೆ ನೋಡಿದ ಅವರ ಮುಖದಿಂದಲೇ ಯಾರೆಂದು ತಿಳಿಯಿತು. ಕೂತಿರು, ಕೂತಿರು ಅಂತ ಕೈಸನ್ನೆ ಮಾಡಿದರು. ಆದರೆ ಸೊಸೆಯೂ ನಾನೂ ಒಟ್ಟಿಗೇ ಎದ್ದು ಹಿಂದಿನ ಅಂಗಳಕ್ಕೆ ಬಂದೆವು. ಅಲ್ಲಿ ನಿಂಬೆ ಗಿಡದ ತುಂಬ ಕಾಯಿ.

"ಇಬ್ಬರೂ ಏನು ಮಾತಾಡ್ತಾರೆ ಇಷ್ಟೊತ್ತು?" ಅಂದೆ.

"ಯಾರಿಗೆ ಗೊತ್ತು?" ಅಂದಳು ಸೊಸೆ. "ನಾನು ಕೇಳಿಲ್ಲ. ಅವರು ಹೇಳಿಲ್ಲ."

ಒಳಗೆ ಮುದುಕರು ಯಾವುದಕ್ಕೋ ಜೋರಾಗಿ ಜಗಳವಾಡುತ್ತಿದ್ದರು. ನಾವು ಕಿಟಕಿಯಿಂದ ಇನ್ನಷ್ಟು ದೂರ ಸರಿದು, ಸೆರಗಿಲ್ಲದ ಕಾರಣ ಅವಳ ಟೀ ಶರ್ಟಿನ ಮಡಿಲಿಗೇ ನಿಂಬೆಹಣ್ಣು ಕೀಳತೊಡಗಿದೆವು.